ಕೈಗಾದ ಗುಮ್ಮಟ, ತಪಾಸಕರ ಸಹಿ: ಅಣುಸ್ಥಾವರದ ಕಾಂಕ್ರೀಟನ್ನು ನಿಜವಾಗಿ ನೋಡುವವರು ಯಾರು?

ಕದ್ರಾದವನು, ನಾಗರಬಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ಮೂಲ ಕಾರವಾರ ತಾಲ್ಲೂಕಿನ ಕದ್ರಾ ಕಡೆ. 1994ರ ಮೇ 13ರಂದು ಕೈಗಾದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಾಗ ನಾನಿನ್ನೂ ಊರಿನಲ್ಲೇ ಇದ್ದೆ. ಯಾರೂ ಸಾಯಲಿಲ್ಲ, ಕೆಲವು ಕಾರ್ಮಿಕರು ಗಾಯಗೊಂಡರು, ಇಂಧನ ಇನ್ನೂ ತುಂಬಿರಲಿಲ್ಲ ಎಂಬುದಷ್ಟೇ ಸಮಾಧಾನದ ಸಂಗತಿಯಾಗಿತ್ತು. ಅದೇ ಕೈಗಾದಲ್ಲಿ ಈಗ ತಲಾ 700 ಮೆಗಾವಾಟ್‌ನ ಐದನೇ ಮತ್ತು ಆರನೇ ಘಟಕಗಳು ಬರಲಿವೆ. ಇತ್ತ ನನ್ನ ಮಗಳು ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಹೊರರಾಜ್ಯದ ಒಂದು ಅಣುಸ್ಥಾವರದ ಕಾಮಗಾರಿಯಲ್ಲಿ ಗುತ್ತಿಗೆದಾರರ ಗುಣಮಟ್ಟ ವಿಭಾಗಕ್ಕೆ ಮುಂದಿನ ತಿಂಗಳು ಸೇರಲಿದ್ದಾಳೆ.

ನನ್ನ ಪ್ರಶ್ನೆ ಇಷ್ಟೇ. ವರ್ಷಗಟ್ಟಲೆ ಹಗಲು ರಾತ್ರಿ ಕಾಂಕ್ರೀಟು ಬೀಳುವ ಒಂದು ಜಾಗಕ್ಕೆ ಮುಂಬೈಯಿಂದ ನಿಯಂತ್ರಣ ಮಂಡಳಿಯ ತಪಾಸಕರು ಬಂದು, ಕೆಲವು ದಿನ ಇದ್ದು, ವರದಿ ಬರೆದು ಹೋಗುತ್ತಾರೆ ಎಂದಾದರೆ ಅವರು ನೋಡುವುದು ಏನನ್ನು? ಗಟ್ಟಿಯಾದ ಗೋಡೆಯ ಹೊರಮೈಯನ್ನು ನೋಡಿ ಒಳಗಿನ ಕಂಬಿಯ ವಿಷಯ ಹೇಗೆ ತಿಳಿಯುತ್ತದೆ?

ರೆಡಿಮಿಕ್ಸ್, ವೈಟ್‌ಫೀಲ್ಡ್

ಅಣುಸ್ಥಾವರದ ಅನುಭವ ನನಗಿಲ್ಲ. ಆದರೆ ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಕಾಂಕ್ರೀಟು ಕಲಸಿ ಕಳಿಸುವ ಬ್ಯಾಚಿಂಗ್ ಪ್ಲಾಂಟುಗಳಲ್ಲಿ ಕೆಲಸ ಮಾಡಿದ್ದೇನೆ. ತಪಾಸಣೆ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡಬಲ್ಲೆ.

ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಸ್ಲ್ಯಾಬ್. ರೆಡಿಮಿಕ್ಸ್ ಕಾಂಕ್ರೀಟನ್ನು ತುಂಬಿದ ಎರಡು ಗಂಟೆಯೊಳಗೆ ಇಳಿಸಬೇಕೆಂಬುದು ಭಾರತೀಯ ಮಾನಕದ ನಿಯಮ. ಆ ದಿನ ಎರಡನೇ ಟ್ರಾನ್ಸಿಟ್ ಮಿಕ್ಸರು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡು ಸೈಟಿಗೆ ಬರುವ ಹೊತ್ತಿಗೆ ಎರಡೂಮುಕ್ಕಾಲು ಗಂಟೆಯಾಗಿತ್ತು. ಕಾಂಕ್ರೀಟು ಬಿಗಿದು ಪಂಪಿನಲ್ಲಿ ಏರುತ್ತಿರಲಿಲ್ಲ. ಚಾಲಕ ಯಾರನ್ನೂ ಕೇಳದೆ ಗಾಡಿಯ ನೀರಿನ ಕೊಳಾಯಿ ತಿರುಗಿಸಿ, ಡ್ರಮ್ಮನ್ನು ಜೋರಾಗಿ ಒಂದೈದು ನಿಮಿಷ ತಿರುಗಿಸಿದ. ನಾನು ಹಟ ಹಿಡಿದು, ಕಾಂಕ್ರೀಟು ಎಷ್ಟು ತೆಳುವಾಗಿದೆ ಎಂದು ಕೋನಿನಲ್ಲಿ ತುಂಬಿ ಅಳೆಯುವ ಸ್ಲಂಪ್ ತೆಗೆಸಿದೆ. ಕೋನ್ ಎತ್ತಿದ ಕೂಡಲೇ ಅದು ಗುಡ್ಡೆಯಾಗಿ ನಿಲ್ಲದೆ ತಟ್ಟೆಯ ಮೇಲೆ ಹುಳಿಯಂತೆ ಹರಿಯಿತು. ಆದರೂ ಅದೇ ಸ್ಲ್ಯಾಬಿಗೆ ಹೋಯಿತು, ಏಕೆಂದರೆ ಸೆಂಟ್ರಿಂಗ್‌ನವರು ಸಂಜೆಯ ಬಸ್ಸಿಗೆ ಹೊರಟಿದ್ದರು. ಗಟ್ಟಿಯಾದ ಮೇಲೆ ಒಡೆದು ಬಲ ನೋಡುವ ಪರೀಕ್ಷೆಯ ಕ್ಯೂಬುಗಳನ್ನು ಮೇಸ್ತ್ರಿ ಅಷ್ಟರಲ್ಲಾಗಲೇ ಮೊದಲನೇ ಗಾಡಿಯ ಒಳ್ಳೆಯ ಕಾಂಕ್ರೀಟಿನಿಂದಲೇ ಆರೂ ತುಂಬಿಟ್ಟಿದ್ದ. 28ನೇ ದಿನ ಕ್ಯೂಬುಗಳೆಲ್ಲ ಪಾಸಾದವು. ಕಡತವನ್ನು ಇವತ್ತು ಯಾವ ತಪಾಸಕರಿಗೆ ತೋರಿಸಿದರೂ ಅದರಲ್ಲಿ ಒಂದು ತಪ್ಪೂ ಕಾಣುವುದಿಲ್ಲ.

ಅಣುಸ್ಥಾವರದ ತಪಾಸಕರು ಇಂಥ ಕಡತವನ್ನು ಹೇಗೆ ಹಿಡಿಯುತ್ತಾರೆ ಎಂಬುದು ನನ್ನ ಕುತೂಹಲವೂ ಹೌದು.

ನಿವೃತ್ತ ಕ್ಯೂಎ, ಮಲ್ಲೇಶ್ವರ

ರೆಡಿಮಿಕ್ಸ್ ಅವರು ಕೊಟ್ಟ ಉದಾಹರಣೆಯಿಂದಲೇ ಶುರುಮಾಡುತ್ತೇನೆ. ನಾನು ಎರಡು ದಶಕ ರಿಯಾಕ್ಟರ್ ಕಾಮಗಾರಿಗಳ ಗುಣಮಟ್ಟ ವಿಭಾಗದಲ್ಲಿದ್ದವನು.

ಮೊದಲು ತಿಳಿಯಬೇಕಾದದ್ದು, ನಿಯಂತ್ರಣ ಮಂಡಳಿಯ ತಪಾಸಕರು ಕಾಂಕ್ರೀಟನ್ನು ಪರೀಕ್ಷಿಸಲು ಬರುವುದೇ ಇಲ್ಲ. ಕಾಂಕ್ರೀಟನ್ನು ಪರೀಕ್ಷಿಸುವವರು ಗುತ್ತಿಗೆದಾರರ ಕಡೆಯವರು. ಅವರ ಮೇಲೆ ಕಣ್ಣಿಡುವವರು ಸ್ಥಾವರದ ಒಡೆತನ ಇರುವ ಎನ್‌ಪಿಸಿಐಎಲ್‌ನ ಗುಣಮಟ್ಟ ವಿಭಾಗದವರು. ಈ ಇಬ್ಬರೂ ಹೇಳುತ್ತಿರುವುದು ನಿಜವೇ ಎಂದು ನೋಡುವವರು ಮಂಡಳಿಯವರು. ಅಂದರೆ ಮೂರನೆಯವರ ಕೆಲಸ ಕಾಂಕ್ರೀಟಿನ ತಪಾಸಣೆಯಲ್ಲ, ಮೊದಲಿಬ್ಬರ ಪ್ರಾಮಾಣಿಕತೆಯ ತಪಾಸಣೆ.

ಅದನ್ನು ಮಾಡುವ ಬಗೆಯನ್ನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ. ಬಂದವರು ಅಚ್ಚುಕಟ್ಟಾಗಿ ಜೋಡಿಸಿಟ್ಟ ಕಡತಗಳನ್ನು ಪಕ್ಕಕ್ಕೆ ಸರಿಸಿ, ನೇರವಾಗಿ ಕ್ಯೂಬುಗಳ ನೀರಿನ ತೊಟ್ಟಿಯ ಬಳಿಗೆ ಹೋದರು. ಕೈಹಾಕಿ ಒಂದು ಕ್ಯೂಬನ್ನು ಎತ್ತಿ, ಅದರ ಮೇಲೆ ಬರೆದ ಸಂಖ್ಯೆಯನ್ನು ಗುರುತು ಹಾಕಿಕೊಂಡರು. ಅಲ್ಲಿಂದ ಹಿಂದಕ್ಕೆ ನಡೆಯಲು ಶುರು: ಈ ಸಂಖ್ಯೆಯ ಪೋರ್ ಕಾರ್ಡ್ (ಕಾಂಕ್ರೀಟು ಹಾಕಲು ಒಪ್ಪಿಗೆಯ ಸಹಿ ಬೀಳುವ ಚೀಟಿ) ಎಲ್ಲಿ, ಗಾಡಿಯ ಚೀಟಿ ಎಲ್ಲಿ, ಗಾಡಿ ಪ್ಲಾಂಟು ಬಿಟ್ಟ ಸಮಯವೆಷ್ಟು, ಸ್ಥಳದಲ್ಲಿ ತೆಗೆದ ಸ್ಲಂಪ್ ಎಷ್ಟು, ಕಾಂಕ್ರೀಟಿನ ಉಷ್ಣತೆ ಎಷ್ಟು, ಕ್ಯೂಬು ತುಂಬಿದ ಹುಡುಗನ ಹೆಸರೇನು, ಆ ಹೊತ್ತಿನಲ್ಲಿ ಅವನು ಬೇರೆ ಕಟ್ಟಡದ ಕ್ಯೂಬುಗಳಿಗೂ ಸಹಿ ಹಾಕಿದ್ದಾನೆಯೇ? ಆ ಕೊನೆಯ ಪ್ರಶ್ನೆಗೇ ನಾವು ಸಿಕ್ಕಿಬಿದ್ದದ್ದು. ಒಬ್ಬನೇ ಮನುಷ್ಯ ಒಂದೇ ಹತ್ತು ನಿಮಿಷದಲ್ಲಿ ಅರ್ಧ ಕಿಲೋಮೀಟರ್ ದೂರದ ಎರಡು ಕಟ್ಟಡಗಳಲ್ಲಿ ಕ್ಯೂಬು ತುಂಬಿದ್ದಾಗಿ ಕಾಗದ ಹೇಳುತ್ತಿತ್ತು. ಕಾಂಕ್ರೀಟು ಚೆನ್ನಾಗಿಯೇ ಇತ್ತು. ಆದರೂ ಆ ಭಾಗದ ಕೆಲಸ ನಿಂತಿತು, ಏಕೆಂದರೆ ಅಲ್ಲಿ ಸುಳ್ಳಾದದ್ದು ಸಹಿ.

ಎರಡನೆಯದು ತಡೆಯುವ ಅಧಿಕಾರ. ಜಾಗದ ಆಯ್ಕೆ, ನಿರ್ಮಾಣ, ಚಾಲನಾಪೂರ್ವ ಪರೀಕ್ಷೆ, ಕಾರ್ಯಾಚರಣೆ ಎಂದು ಹಂತ ಹಂತವಾಗಿ ಅನುಮತಿ ಪಡೆಯಬೇಕು. ನಿರ್ಮಾಣದೊಳಗೇ ಮತ್ತೆ ಅಗೆತ, ಮೊದಲ ಕಾಂಕ್ರೀಟು, ದೊಡ್ಡ ಉಪಕರಣಗಳ ಜೋಡಣೆ ಎಂಬ ಉಪಹಂತಗಳಿವೆ. ಇದಲ್ಲದೆ ಕಾಮಗಾರಿಯ ಯೋಜನೆಯಲ್ಲೇ ಕೆಲವು ಹೋಲ್ಡ್ ಪಾಯಿಂಟ್‌ಗಳನ್ನು ಗುರುತಿಸಿರುತ್ತಾರೆ; ಅಲ್ಲಿ ನಿಗದಿತ ವ್ಯಕ್ತಿ ಬಂದು ನೋಡಿ ಸಹಿ ಹಾಕದೆ ಮುಂದಿನ ಕೆಲಸ ಆರಂಭವಾಗಕೂಡದು. ಕದ್ರಾದವರು ಕೇಳಿದ ಒಳಗಿನ ಕಂಬಿಯ ಪ್ರಶ್ನೆಗೆ ಉತ್ತರ ಇದೇ. ಗೋಡೆ ಗಟ್ಟಿಯಾದ ಮೇಲೆ ಕಂಬಿಯನ್ನು ನೋಡುವ ಉಪಾಯಗಳಿದ್ದರೂ ಅವು ದುಬಾರಿ, ಅರೆಬರೆ. ಕಾಂಕ್ರೀಟು ಬೀಳುವ ಮೊದಲೇ ಟಾರ್ಚು ಹಿಡಿದು ಒಳಗಿಳಿದು ನೋಡುವುದೇ ನೋಡುವುದು. ಈಚಿನ ವರ್ಷಗಳಲ್ಲಿ ಮಂಡಳಿಯವರು ಸ್ಥಾವರಗಳಲ್ಲೇ ಉಳಿಯುವ ವೀಕ್ಷಕರನ್ನೂ ನೇಮಿಸುತ್ತಿದ್ದಾರೆ. ಅಮೆರಿಕದಲ್ಲಿ ನಿವಾಸಿ ತಪಾಸಕರ ಪದ್ಧತಿ 1978ರಿಂದಲೇ ಇದೆ.

ಸಂಶಯವಾದಿ, ಜಯನಗರ

ಮಲ್ಲೇಶ್ವರದವರ ವಿವರಣೆ ಚೆನ್ನಾಗಿದೆ, ಆದರೆ ಮಂಡಳಿಯ ಹಲ್ಲು ಎಷ್ಟು ಗಟ್ಟಿ ಎಂಬುದನ್ನು ಅವರು ಹೇಳಲಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರ ನವೆಂಬರ್‌ನಲ್ಲಿ ಹುಟ್ಟಿದ್ದು ಸಂಸತ್ತಿನ ಪ್ರತ್ಯೇಕ ಕಾಯಿದೆಯಿಂದಲ್ಲ, 1962ರ ಪರಮಾಣು ಶಕ್ತಿ ಕಾಯಿದೆಯಡಿ ಹೊರಟ ಒಂದು ಸರ್ಕಾರಿ ಆದೇಶದಿಂದ. ಆ ವ್ಯವಸ್ಥೆಯಲ್ಲಿ ಮಂಡಳಿ ಉತ್ತರ ಕೊಡಬೇಕಾಗಿದ್ದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ಕಟ್ಟುವ ಎನ್‌ಪಿಸಿಐಎಲ್ ಇರುವುದೂ ಅದೇ ಇಲಾಖೆಯಡಿ. ಅತ್ತೆಯ ಮನೆಯ ತಪ್ಪನ್ನು ಅತ್ತೆಗೇ ವರದಿ ಮಾಡುವ ಸೊಸೆಯ ಸ್ಥಿತಿ. ಮಹಾಲೇಖಪಾಲರು 2012ರ ವರದಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಎತ್ತಿ ಆಡಿದ್ದರು. ನಿಯಮ ಮುರಿದವರಿಗೆ ಆಗ ವಿಧಿಸಬಹುದಾಗಿದ್ದ ದಂಡದ ಗರಿಷ್ಠ ಮೊತ್ತ 500 ರೂಪಾಯಿ ಎಂಬುದೂ ಅದರಲ್ಲೇ ಬಂತು. ಬೆಂಗಳೂರಿನಲ್ಲಿ ಹೆಲ್ಮೆಟ್ ಇಲ್ಲದೆ ಸಿಗ್ನಲ್ ದಾಟಿದರೂ ಅಷ್ಟು ಕಟ್ಟಬೇಕಾಗುತ್ತದೆ!

ಸ್ವತಂತ್ರ ಪ್ರಾಧಿಕಾರಕ್ಕಾಗಿ 2011ರಲ್ಲಿ ಬಂದ ಮಸೂದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯಿದೆ ಮಂಡಳಿಗೆ ಶಾಸನದ ಮಾನ್ಯತೆ ಕೊಟ್ಟಿದೆ, ನಿಜ. ಅದೇ ಕಾಯಿದೆ ಖಾಸಗಿಯವರಿಗೂ ಬಾಗಿಲು ತೆರೆದಿದೆ. ತಪಾಸಣೆಯ ಹೊರೆ ಇನ್ನಷ್ಟು ಹೆಚ್ಚುವ ಹೊತ್ತಿನಲ್ಲಿ ನಾವು 1994ರ ಪ್ರಶ್ನೆಯನ್ನೇ ಮತ್ತೆ ಕೇಳಬೇಕು. ಇಷ್ಟೆಲ್ಲ ಹೋಲ್ಡ್ ಪಾಯಿಂಟ್‌ಗಳಿದ್ದರೆ ಗುಮ್ಮಟ ಬಿದ್ದದ್ದು ಹೇಗೆ?

ವಿಮಾನ ಕಾರ್ಖಾನೆ, ಸಿ.ವಿ. ರಾಮನ್ ನಗರ

ಒಂದೇ ಮಾತು. ನಮ್ಮಲ್ಲಿ ಪ್ರತಿ ತಪಾಸಕನಿಗೂ ಅವನದೇ ಸಂಖ್ಯೆಯ ಮುದ್ರೆ ಇರುತ್ತಿತ್ತು. ಅದನ್ನು ಮೇಜಿನ ಮೇಲೆ ಬಿಟ್ಟು ಕಾಫಿಗೆ ಹೋದವನಿಗೆ ಮೆಮೊ ಬರುತ್ತಿತ್ತು. ಸಹಿಯ ಬೆಲೆ ಹಾಗಿರಬೇಕು.

ಪ್ರಿಸ್ಟ್ರೆಸ್ ಪಾಠದವಳು, ಬಸವನಗುಡಿ

ಜಯನಗರದವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಕೈಗಾದ ಗುಮ್ಮಟವನ್ನು ಪ್ರತಿವರ್ಷ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ.

ಕೈಗಾದಲ್ಲಿ ರಿಯಾಕ್ಟರಿನ ಸುತ್ತ ಎರಡು ಆವರಣಗಳಿವೆ. ಒಳಗಿನದು ಪ್ರಿಸ್ಟ್ರೆಸ್ ಕಾಂಕ್ರೀಟಿನದು. ಅವಘಡವಾದರೆ ಒಳಗೆ ಏರುವ ಹಬೆಯ ಒತ್ತಡವನ್ನು ತಡೆದು, ವಿಕಿರಣವಸ್ತು ಹೊರಬಾರದಂತೆ ಹಿಡಿಯುವುದು ಅದರ ಕೆಲಸ. ಅದಕ್ಕಾಗಿ ಗುಮ್ಮಟದ ದಪ್ಪದೊಳಗೆ ಬಾಗಿದ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಉಕ್ಕಿನ ಕೇಬಲ್‌ಗಳನ್ನು ಪೋಣಿಸಿ, ಕಾಂಕ್ರೀಟು ಬಲಿತ ಮೇಲೆ ಜ್ಯಾಕುಗಳಿಂದ ಎಳೆದು ಬಿಗಿಯುತ್ತಾರೆ. ನೇರವಾದ ತೊಲೆಯಲ್ಲಿ ಹೀಗೆ ಬಿಗಿದರೆ ಕಾಂಕ್ರೀಟು ಉದ್ದಕ್ಕೆ ಒತ್ತಿಕೊಳ್ಳುತ್ತದೆ, ಅಷ್ಟೇ. ಬಾಗಿದ ಚಿಪ್ಪಿನಲ್ಲಿ ಹಾಗಲ್ಲ. ಬಾಗಿದ ಕೇಬಲ್ ನೆಟ್ಟಗಾಗಲು ಹವಣಿಸುತ್ತದೆ, ಒತ್ತಿಸಿಕೊಂಡ ಕಾಂಕ್ರೀಟು ಇನ್ನೊಂದೆಡೆಗೆ ಉಬ್ಬಲು ನೋಡುತ್ತದೆ, ಹಾಗಾಗಿ ಚಿಪ್ಪಿನ ದಪ್ಪದ ದಿಕ್ಕಿನಲ್ಲಿ ಪದರಗಳನ್ನು ಒಂದರಿಂದೊಂದು ಬಿಡಿಸುವ ಸೆಳೆತ ಹುಟ್ಟುತ್ತದೆ. ಸಾಲುಸಾಲಾಗಿ ಕೊಳವೆಗಳು ಹಾದುಹೋಗುವ ಮಟ್ಟದಲ್ಲಿ ಕಾಂಕ್ರೀಟು ಮೊದಲೇ ಕಡಿಮೆ. ಕಾಂಕ್ರೀಟಿಗೆ ಒತ್ತಡ ತಾಳುವುದು ಗೊತ್ತು, ಸೆಳೆತ ತಾಳುವುದು ಗೊತ್ತಿಲ್ಲ. ಆ ದಿಕ್ಕಿನಲ್ಲಿ ಪದರಗಳನ್ನು ಹೊಲಿದು ಹಿಡಿಯುವ ಕಂಬಿ ಇರದಿದ್ದರೆ ಏನಾಗುತ್ತದೆಂದು ತಿಳಿಯಲು ಚಿರೋಟಿಯನ್ನು ಬೆರಳಿನಿಂದ ಒತ್ತಿ ನೋಡಿದರೆ ಸಾಕು. ಕೇಬಲ್ ಬಿಗಿಯುವ ಕೆಲಸ ಬಹುಪಾಲು ಮುಗಿದಿದ್ದಾಗ ಗುಮ್ಮಟದ ಒಳಮೈಯಿಂದ ಸುಮಾರು 130 ಟನ್ ಕಾಂಕ್ರೀಟು ಹೀಗೆ ಪದರ ಬಿಟ್ಟು ಕೆಳಗೆ ಬಂತು.

ಈಗ ಹೋಲ್ಡ್ ಪಾಯಿಂಟ್‌ನ ಮಾತು. ನಕ್ಷೆಯಲ್ಲಿ ಆ ಕಂಬಿಯೇ ಇಲ್ಲದಿದ್ದಾಗ, ಟಾರ್ಚು ಹಿಡಿದು ಇಳಿದ ತಪಾಸಕರು ನಕ್ಷೆಯಂತೆ ಎಲ್ಲ ಕಂಬಿಯೂ ಇದೆ ಎಂದು ಸಹಿ ಹಾಕುತ್ತಾರೆ, ಹಾಕಲೇಬೇಕು. ನಿರ್ಮಾಣದ ತಪಾಸಣೆ ಕೆಲಸವನ್ನು ನಕ್ಷೆಯೊಡನೆ ಹೋಲಿಸುತ್ತದೆ. ನಕ್ಷೆಯನ್ನು ಯಾವುದರೊಡನೆ ಹೋಲಿಸಬೇಕು? ನನಗೆ ಬೇಸರ ತರುವ ಸಂಗತಿ ಇನ್ನೊಂದಿದೆ. ಗುಮ್ಮಟ ಪದರ ಬಿಡುವುದು 1994ರಲ್ಲಿ ಹೊಸದೇನಾಗಿರಲಿಲ್ಲ. ಅಮೆರಿಕದ ಅಣುಸ್ಥಾವರಗಳಲ್ಲೇ, ಫ್ಲಾರಿಡಾದ ಟರ್ಕಿ ಪಾಯಿಂಟ್‌ನಲ್ಲಿ 1970ರಲ್ಲಿ, ಅದೇ ರಾಜ್ಯದ ಕ್ರಿಸ್ಟಲ್ ರಿವರ್‌ನಲ್ಲಿ 1976ರಲ್ಲಿ ಇದೇ ಬಗೆಯ ಘಟನೆ ನಡೆದಿತ್ತು.

ಕೈಗಾದ ನಂತರ ವಿನ್ಯಾಸ ಬದಲಾಯಿತು: ದಪ್ಪದ ದಿಕ್ಕಿನ ಕಂಬಿ ಬಂತು, ಸಿಲಿಕಾ ಫ್ಯೂಮ್ ಎಂಬ ನುಣ್ಣನೆಯ ಪುಡಿ ಸೇರಿಸಿದ, ಹೆಚ್ಚು ಬಲದ ಎಂ60 ದರ್ಜೆಯ ಕಾಂಕ್ರೀಟು ಬಂತು. ಅದೇ ಮಾದರಿಯ ಗುಮ್ಮಟವಿದ್ದ ರಾಜಸ್ಥಾನದ ಮೂರು ಮತ್ತು ನಾಲ್ಕನೇ ಘಟಕಗಳಲ್ಲೂ ಕೆಲಸ ನಿಲ್ಲಿಸಿ ವಿನ್ಯಾಸವನ್ನು ಮರುಪರಿಶೀಲಿಸಿದರು. ಕೈಗಾದಲ್ಲಿ ಎರಡನೇ ಘಟಕ 2000ದ ಮಾರ್ಚ್‌ನಲ್ಲಿ ಮೊದಲು ವಾಣಿಜ್ಯ ಉತ್ಪಾದನೆಗೆ ಬಂದು, ಒಂದನೆಯದು ನವೆಂಬರ್‌ನಲ್ಲಿ ಅದರ ಹಿಂದೆ ಬಂದದ್ದಕ್ಕೆ ಕಾರಣ ಈ ಗುಮ್ಮಟವೇ.

ಕದ್ರಾದವನು, ನಾಗರಬಾವಿ

ಮೇಡಂ, ಚಿರೋಟಿಯ ಹೋಲಿಕೆಯಿಂದ ಮೂವತ್ತು ವರ್ಷದ ಗೊಂದಲ ಬಗೆಹರಿಯಿತು. ಊರಿನಲ್ಲಿ ನಾವೆಲ್ಲ ಸಿಮೆಂಟು ಕದ್ದರು ಎಂದೇ ಮಾತಾಡಿಕೊಳ್ಳುತ್ತಿದ್ದೆವು.

ಅದೇ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ವಿಶ್ವದಾಖಲೆ ಮಾಡಿತಲ್ಲ, ಗುಮ್ಮಟ ಈಗ ಗಟ್ಟಿಯಾಗಿದೆ ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲವೇ?

ಪ್ರಿಸ್ಟ್ರೆಸ್ ಪಾಠದವಳು, ಬಸವನಗುಡಿ

ಆಗುವುದಿಲ್ಲ. ಆ ದಾಖಲೆ ಯಂತ್ರಗಳದ್ದು, ನಡೆಸಿದವರದ್ದು. ನಿತ್ಯದ ಉತ್ಪಾದನೆಯಲ್ಲಿ ಆವರಣಕ್ಕೆ ಕೆಲಸವೇ ಇರುವುದಿಲ್ಲ. ಗುಮ್ಮಟದ ಸಾಕ್ಷಿ ಬೇರೆ: ಇಂಧನ ತುಂಬುವ ಮೊದಲು ಒಳಗೆ ಗಾಳಿ ತುಂಬಿ, ವಿನ್ಯಾಸದ ಒತ್ತಡದ 1.15 ಪಟ್ಟಿಗೆ ಏರಿಸಿ, ಚಿಪ್ಪು ಎಷ್ಟು ಉಬ್ಬುತ್ತದೆ, ಎಲ್ಲಿ ಬಿರುಕು ಕಾಣುತ್ತದೆ, ಎಷ್ಟು ಸೋರುತ್ತದೆ ಎಂದು ಅಳೆಯುತ್ತಾರೆ. ಸೋರಿಕೆಯ ಪರೀಕ್ಷೆ ಮುಂದೆಯೂ ಕಾಲಕಾಲಕ್ಕೆ ನಡೆಯುತ್ತದೆ.

ಸಂಶಯವಾದಿ, ಜಯನಗರ

ಹಾಗಾದರೆ ಮೇಡಂ ಹೇಳಿದ್ದರ ಅರ್ಥ, ನಕ್ಷೆ ತಪ್ಪಿದ್ದರೆ ತಪಾಸಣೆ ಕುರುಡು. ರೆಡಿಮಿಕ್ಸ್ ಅವರು ಹೇಳಿದ್ದರ ಅರ್ಥ, ಕಾಗದ ಸುಳ್ಳಾದರೆ ತಪಾಸಣೆ ಕುರುಡು. ಎರಡನೆಯದಕ್ಕೆ ದಕ್ಷಿಣ ಕೊರಿಯಾವೇ ಉದಾಹರಣೆ. ಅಲ್ಲಿ ನಿಯಂತ್ರಣ ಕೇಬಲ್‌ಗಳ ಪರೀಕ್ಷಾ ಪ್ರಮಾಣಪತ್ರಗಳೇ ನಕಲಿ ಎಂದು 2013ರಲ್ಲಿ ಬಯಲಾಗಿ, ನಡೆಯುತ್ತಿದ್ದ ಎರಡು ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು. ಅಷ್ಟು ಶಿಸ್ತಿನ ದೇಶದಲ್ಲೇ ಹೀಗಾದರೆ ಇಲ್ಲಿ ಏನನ್ನು ನಂಬಬೇಕು?

ನಿವೃತ್ತ ಕ್ಯೂಎ, ಮಲ್ಲೇಶ್ವರ

ಜಯನಗರದವರ ಕೋಪ ನ್ಯಾಯವಾದದ್ದೇ, ಆದರೆ ಅವರ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ನಿಯಂತ್ರಕರ ಕೆಲಸ ಕಾಮಗಾರಿಯ ಸ್ಥಳಕ್ಕೆ ಸೀಮಿತವಲ್ಲ. ಅನುಮತಿಗೆ ಮೊದಲು ವಿನ್ಯಾಸವನ್ನು ಪರಿಶೀಲಿಸುವುದೂ ಅವರ ಹೊಣೆಯೇ. ಕೈಗಾದಲ್ಲಿ ಸೋತದ್ದು ಆ ಮೇಜು, ಸ್ಥಳದ ಟಾರ್ಚಲ್ಲ. ಎರಡನ್ನೂ ಒಟ್ಟಿಗೆ ಬೈದರೆ ಯಾವುದನ್ನು ಸರಿಪಡಿಸಬೇಕೆಂಬುದು ಮರೆತುಹೋಗುತ್ತದೆ.

500 ರೂಪಾಯಿಯ ದಂಡ ನಗೆಪಾಟಲಾಗಿತ್ತು, ಒಪ್ಪಿದೆ. ಆದರೆ ಕಾಮಗಾರಿಯಲ್ಲಿ ನಾವು ಹೆದರುತ್ತಿದ್ದದ್ದು ದಂಡಕ್ಕಲ್ಲ, ‘ಮುಂದಿನ ಪೋರ್ ನಿಲ್ಲಿಸಿ’ ಎಂಬ ಒಂದು ಸಾಲಿಗೆ. ಅಮೆರಿಕದ ಒಹಾಯೊ ರಾಜ್ಯದ ಝಿಮ್ಮರ್ ಸ್ಥಾವರವನ್ನು ನೋಡಿ. ಅಲ್ಲಿನ ನಿಯಂತ್ರಕರು 1981ರಲ್ಲಿ ಎರಡು ಲಕ್ಷ ಡಾಲರ್ ದಂಡ ಹಾಕಿದರು. ಕಂಪನಿ ಕಟ್ಟಿ ಮುಂದೆ ಹೋಯಿತು. 1982ರ ನವೆಂಬರ್‌ನಲ್ಲಿ ಸುರಕ್ಷತೆಗೆ ಸಂಬಂಧಿಸಿದ ಕೆಲಸವನ್ನೆಲ್ಲ ನಿಲ್ಲಿಸಲು ಆದೇಶ ಬಂದಾಗ ನಿಜವಾದ ಪೆಟ್ಟು ಬಿತ್ತು. ಶೇಕಡ 97ರಷ್ಟು ಮುಗಿದಿದೆ ಎನ್ನಲಾಗಿದ್ದ ಸ್ಥಾವರದಲ್ಲಿ ಬೆಸುಗೆಗಳ, ಉಕ್ಕಿನ ದಾಖಲೆಗಳು ನಂಬುವಂತಿರಲಿಲ್ಲ. ಎಲ್ಲವನ್ನೂ ಮತ್ತೆ ಪರೀಕ್ಷಿಸುವ ಖರ್ಚನ್ನು ಲೆಕ್ಕ ಹಾಕಿದ ಕಂಪನಿ 1984ರಲ್ಲಿ ಅಣುಶಕ್ತಿಯನ್ನೇ ಕೈಬಿಟ್ಟು ಅದನ್ನು ಕಲ್ಲಿದ್ದಲಿನ ಸ್ಥಾವರವಾಗಿ ಬದಲಾಯಿಸಲು ಹೊರಟಿತು. ಬೆಸುಗೆ ಕೆಟ್ಟಿತ್ತೋ ಇಲ್ಲವೋ, ಒಳ್ಳೆಯದೆಂದು ತೋರಿಸಲು ಕಾಗದ ಇರಲಿಲ್ಲ.

ಆದ್ದರಿಂದ ಹೊಸ ಕಾಯಿದೆಯಲ್ಲಿ ನಾನು ನೋಡುವುದು ದಂಡದ ಮೊತ್ತವನ್ನಲ್ಲ. ನಿಲ್ಲಿಸಿ ಎಂದ ತಪಾಸಕರ ವರ್ಗಾವಣೆ ಯಾರ ಕೈಯಲ್ಲಿರುತ್ತದೆ, ಅವರ ವರದಿಯನ್ನು ಸಾರ್ವಜನಿಕರು ಪೂರ್ತಿ ಓದಬಹುದೇ ಎಂಬುದನ್ನು.

ರೆಡಿಮಿಕ್ಸ್, ವೈಟ್‌ಫೀಲ್ಡ್

ನೀರಿನ ವಿಷಯಕ್ಕೆ ಮರಳುತ್ತೇನೆ, ಕ್ಷಮಿಸಿ. ಫಿನ್ಲೆಂಡಿನ ಓಲ್ಕಿಲುಓಟೊ ಮೂರನೇ ಘಟಕದಲ್ಲಿ ತಳಪಾಯದ ಕಾಂಕ್ರೀಟಿನ ನೀರಿನ ಪ್ರಮಾಣದಲ್ಲೇ ವ್ಯತ್ಯಾಸವಾಗಿತ್ತು ಎಂದು ತಿಳಿದಾಗ ನನಗೆ ನನ್ನ ಚಾಲಕನ ಕೊಳಾಯಿ ನೆನಪಾಯಿತು. ಅಲ್ಲಿನ ನಿಯಂತ್ರಕರಾದ ಸ್ಟುಕ್ 2006ರಲ್ಲೇ ತನಿಖೆ ಮಾಡಿ ವರದಿಯನ್ನು ಎಲ್ಲರೂ ಓದುವಂತೆ ಹೊರಗಿಟ್ಟರು. ಅಣುಸ್ಥಾವರದ ಕೆಲಸ ಮಾಮೂಲಿ ಕೆಲಸದಂತಲ್ಲ ಎಂಬುದು ಗುತ್ತಿಗೆದಾರರಿಗೂ ಉಪಗುತ್ತಿಗೆದಾರರಿಗೂ ಮನದಟ್ಟಾಗಿರಲಿಲ್ಲ ಎಂಬುದೇ ಅದರ ಮುಖ್ಯ ದೂರು. 2009ಕ್ಕೆ ಮುಗಿಯಬೇಕಿದ್ದ ಆ ಘಟಕ ನಿತ್ಯದ ಉತ್ಪಾದನೆಗೆ ಬಂದದ್ದು 2023ರಲ್ಲಿ. ವಿಳಂಬಕ್ಕೆ ಬೇರೆ ಕಾರಣಗಳೂ ಬಹಳ ಇದ್ದವು. ಫ್ರಾನ್ಸಿನ ಫ್ಲಾಮನ್‌ವಿಲ್‌ನಲ್ಲೂ ಕಂಬಿ ಕಟ್ಟುವಿಕೆಯ ಲೋಪಕ್ಕಾಗಿ 2008ರಲ್ಲಿ ಕಾಂಕ್ರೀಟು ಹಾಕುವುದನ್ನು ನಿಲ್ಲಿಸಿದ್ದರು.

ಉಪಗುತ್ತಿಗೆಯ ಆ ಮಾತು ನಮಗೆ ನೇರವಾಗಿ ಅನ್ವಯಿಸುತ್ತದೆ. ನಿನ್ನೆ ಹೆಬ್ಬಾಳದ ಬಳಿ ಅಪಾರ್ಟ್‌ಮೆಂಟಿಗೆ ಕಂಬಿ ಕಟ್ಟಿದವರೇ ನಾಳೆ ರಿಯಾಕ್ಟರಿಗೂ ಕಟ್ಟುತ್ತಾರೆ. ಅಲ್ಲಿ ಕೊಳವೆ ಅಡ್ಡ ಬಂದರೆ ಕಂಬಿಯನ್ನು ಬಗ್ಗಿಸಿ ದಾಟಿಸಿದವರಿಗೆ, ಇಲ್ಲಿ ಒಂದು ಇಂಚು ಸರಿಸುವುದಕ್ಕೂ ಕಾಗದ ಬೇಕೆಂದು ಯಾರು, ಯಾವ ಭಾಷೆಯಲ್ಲಿ ಹೇಳುತ್ತಾರೆ?

ಕದ್ರಾದವನು, ನಾಗರಬಾವಿ

ಕೊನೆಯದಾಗಿ ಮಲ್ಲೇಶ್ವರದ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಉತ್ತರಗಳನ್ನೆಲ್ಲ ಮಗಳಿಗೆ ಓದಿ ಹೇಳಿದೆ. ಅವಳಿಗೆ ಸೇರಿದ ಮೊದಲ ವಾರದಲ್ಲೇ ರಾತ್ರಿ ಪಾಳಿ ಎಂದಿದ್ದಾರಂತೆ. ಪೋರ್ ಕಾರ್ಡಿಗೆ ಸಹಿ ಹಾಕುವ ಮೊದಲು ಏನನ್ನು ನೋಡಬೇಕು ಎಂದು ಕೇಳುತ್ತಿದ್ದಾಳೆ.

ನಿವೃತ್ತ ಕ್ಯೂಎ, ಮಲ್ಲೇಶ್ವರ

ಮಗುವಿಗೆ ಶುಭವಾಗಲಿ. ನಕ್ಷೆಯ ಪರಿಷ್ಕರಣೆಯ ಸಂಖ್ಯೆಯನ್ನು ಮೊದಲು ನೋಡಲಿ. ಕೆಳಗೆ ಕಂಬಿ ಕಟ್ಟುವ ಬಾರ್ ಬೆಂಡರ್ ಮಡಚಿ ಜೇಬಿನಲ್ಲಿಟ್ಟುಕೊಂಡಿರುವ ಪ್ರತಿಯೂ ಕಚೇರಿಯಲ್ಲಿರುವ ಪ್ರತಿಯೂ ಒಂದೇ ಆಗಿರಬೇಕು, ಎಷ್ಟೋ ಸಲ ಆಗಿರುವುದಿಲ್ಲ. ಆಮೇಲೆ ತಾನೇ ಇಳಿದು ನೋಡಲಿ. ಮೇಲಿನಿಂದ ಬಗ್ಗಿ ನೋಡಿದರೆ ಮೊದಲ ಎರಡು ಪದರದ ಕಂಬಿ ಮಾತ್ರ ಕಾಣುತ್ತದೆ. ಕಂಬಿಯನ್ನು ಅಚ್ಚಿನ ಹಲಗೆಗೆ ತಾಗದಂತೆ ಹಿಡಿಯುವ ಕವರ್ ಬ್ಲಾಕ್ ಜಾರಿರುವುದು, ತಂತಿಯ ತುಂಡು, ಬಿದ್ದ ಕೈಗವಸು, ಬೀಡಿಯ ಚೂರು ಎಲ್ಲ ತಳದಲ್ಲಿರುತ್ತವೆ. ಹಸಿ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರಿನ ಸೂಜಿ ತೂರುವಷ್ಟು ಜಾಗ ಕಂಬಿಗಳ ನಡುವೆ ಇದೆಯೇ ಎಂದು ಸೂಜಿಯನ್ನೇ ಇಳಿಸಿ ನೋಡಲಿ, ಇಲ್ಲದಿದ್ದರೆ ಆ ಮೂಲೆಯ ಕಾಂಕ್ರೀಟಿನಲ್ಲಿ ಜೇನುಗೂಡಿನಂಥ ಪೊಳ್ಳು ಖಂಡಿತ. ಬದಲಿ ವೈಬ್ರೇಟರ್ ಇದೆಯೇ, ಅದು ನಡೆಯುತ್ತದೆಯೇ ಎಂಬುದನ್ನು ಗುಂಡಿ ಒತ್ತಿ ತಿಳಿದುಕೊಳ್ಳಲಿ.

ಕಾರ್ಡಿನಲ್ಲಿ ಅನ್ವಯಿಸದ ಸಾಲುಗಳನ್ನು ಖಾಲಿ ಬಿಡದೆ ಅಡ್ಡಗೆರೆ ಎಳೆಯಲಿ, ಸಹಿಯ ಪಕ್ಕದಲ್ಲಿ ದಿನಾಂಕದ ಜೊತೆಗೆ ಗಂಟೆ-ನಿಮಿಷವನ್ನೂ ಬರೆಯಲಿ. ರಾತ್ರಿ ಎರಡು ಗಂಟೆಗೆ ಪಂಪು ಸಿದ್ಧವಾಗಿ, ಗಾಡಿಗಳು ಸಾಲುಗಟ್ಟಿ ನಿಂತಾಗ, ಯಾರೋ ಹಿರಿಯರು ‘ಸಹಿ ಹಾಕಮ್ಮಾ, ಉಳಿದದ್ದು ಬೆಳಿಗ್ಗೆ ನೋಡೋಣ’ ಎನ್ನುತ್ತಾರೆ. ಆಗ ವಾದ ಮಾಡುವುದು ಬೇಡ. ಪೆನ್ನನ್ನು ಜೇಬಿಗೆ ಹಾಕಿ, ಟಾರ್ಚು ತೆಗೆದುಕೊಂಡು ಇನ್ನೊಮ್ಮೆ ಕೆಳಗಿಳಿಯಲಿ.